ಸಹಾಯ ಬೇಕು: 'ವಂಡರ್ ವುಮನ್' ನೋಡಿದ ಮೇಲೆ ಮಗು ಕೇಳುತ್ತಿರುವ ಪ್ರಶ್ನೆಗಳು

ಎಲ್ಲರಿಗೂ ನಮಸ್ಕಾರ. ಮೊದಲ ಮಹಾಯುದ್ಧದ ಕಾಲದಲ್ಲಿ ನಡೆಯುವ 2017ರ 'ವಂಡರ್ ವುಮನ್' ಸಿನಿಮಾವನ್ನು ಮೊನ್ನೆ ಮತ್ತೆ ನೋಡಿದೆ. ಈ ಸಲ ಹೈಸ್ಕೂಲ್ ಓದುವ ಅಕ್ಕನ ಮಗಳೂ ಜೊತೆಗಿದ್ದಳು. ನಾಯಕಿ ಡಯಾನಾ ಏಣಿ ಹತ್ತಿ ಕಂದಕದಿಂದ ಹೊರಬಂದು, ಗುಂಡಿನ ಮಳೆಗೆ ಎದುರಾಗಿ ಒಬ್ಬಳೇ ನಡೆಯುತ್ತಾಳಲ್ಲ, ಆ ದೃಶ್ಯಕ್ಕೆ ಈಗಲೂ ಮೈ ಜುಮ್ ಅನ್ನುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಅದೇ ಜಾಸ್ತಿ ಇಷ್ಟ. ಕೊನೆಯ ಹೊಡೆದಾಟ ಅಷ್ಟು ಹಿಡಿಸಲಿಲ್ಲ.

ಆಮೇಲೆ ಶುರುವಾಯಿತು ಇವಳ ಪ್ರಶ್ನೆ: ಇದರಲ್ಲಿ ನಿಜ ಎಷ್ಟು? ಸಿನಿಮಾದಲ್ಲಿ ಖಳನಾಗಿ ಬರುವ ಲೂಡೆಂಡಾರ್ಫ್ ನಿಜವಾಗಿಯೂ ಇದ್ದ ಜರ್ಮನ್ ಸೇನಾಧಿಕಾರಿ. ಸಿನಿಮಾದಲ್ಲಿ 1918ರಲ್ಲೇ ಸಾಯುತ್ತಾನೆ, ಆದರೆ ಬದುಕಿದ್ದು 1937ರವರೆಗೆ. ವಿಷಾನಿಲವೂ ನಿಜವೇ. ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ನರು 1915ರಲ್ಲಿ ಕ್ಲೋರಿನ್, 1917ರಲ್ಲಿ ಮಸ್ಟರ್ಡ್ ಗ್ಯಾಸ್ ಬಳಸಿದರು. ಇಷ್ಟು ಹೇಳಿದೆ. ಅವಳಿಗೆ ಇನ್ನೂ ಬೇಕು.

ಕಂದಕಗಳಲ್ಲಿ ಸೈನಿಕರು ಹೇಗೆ ಬದುಕಿದರು ಎಂದು ಕನ್ನಡದಲ್ಲಿ ಸರಳವಾಗಿ ಹೇಳುವ ಪುಸ್ತಕ ಯಾವುದಾದರೂ ಇದೆಯಾ? ಅವಳ ವಯಸ್ಸಿಗೆ ಹೊಂದುವಂತಿರಲಿ.

ಇನ್ನೊಂದು ವಿಷಯ. ಅದೇ ಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ ಈಗಿನ ಇಸ್ರೇಲ್‌ನಲ್ಲಿರುವ ಹೈಫಾ ಪಟ್ಟಣವನ್ನು ಗೆದ್ದರು. ಇದನ್ನು ಕೇಳಿ ಅವಳ ಕಣ್ಣು ಅರಳಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಅವರ ಸ್ಮಾರಕಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಇತ್ತೀಚೆಗೆ ಹೋದವರು ಇದ್ದರೆ, ಹತ್ತಿರದಿಂದ ನೋಡಲು ಬಿಡುತ್ತಾರಾ, ಯಾವ ಹೊತ್ತು ಒಳ್ಳೆಯದು, ದಯವಿಟ್ಟು ತಿಳಿಸಿ. ಮನೆಯಲ್ಲಿ ಲ್ಯಾನ್ಸರ್ಸ್‌ನಲ್ಲಿದ್ದ ಹಿರಿಯರ ಕಥೆ ಕೇಳಿ ಬೆಳೆದವರಿದ್ದರೆ ಅದನ್ನೂ ಬರೆಯಿರಿ. ಅವಳಿಗೆ ಓದಿ ಹೇಳುತ್ತೇನೆ.