ಅಪ್‌ಡೇಟ್: ಟ್ರೇಲರ್ ಹಾಯಿದೋಣಿ, ಕೊನೆಗೆ ಪಾಟರ್ 19

ಅಮೆರಿಕದಲ್ಲಿರುವ ನಿವೃತ್ತ ದಂಪತಿ ನಾವು. ಇಬ್ಬರೇ ಕಾರಿನ ಹಿಂದೆ ಎಳೆದೊಯ್ದು, ಹಾಯಿಕಂಬ ನಿಲ್ಲಿಸಿ, ಕೆರೆಗಿಳಿಸಬಲ್ಲ ಹಾಯಿದೋಣಿ ಯಾವುದು ಅಂತ ಕೇಳಿದ್ದೆ. ಕ್ಯಾಟಲೀನಾ 22 ಬಿಟ್ಟು ವೆಸ್ಟ್ ವೈಟ್ ಪಾಟರ್ 19 ತಗೊಂಡೆವು.

ತೂಕವೇ ತೀರ್ಮಾನ ಮಾಡಿತು. ಪಾಟರ್ ಬರೀ ದೋಣಿ ಸುಮಾರು 555 ಕೆ.ಜಿ.; ಕ್ಯಾಟಲೀನಾ ಸಾವಿರ ದಾಟುತ್ತೆ. ಇದರ ಮೇಲೆ ಟ್ರೇಲರ್, ಮೋಟಾರು, ಬ್ಯಾಟರಿ, ಲಂಗರು. ಒಟ್ಟು ತೂಕದ 10–15% ಕಾರಿನ ಕೊಕ್ಕೆಯ ಮೇಲೆ ಬೀಳಬೇಕು. ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಆಚೀಚೆ ಓಲಾಡುತ್ತೆ.

ಕ್ಯಾಟಲೀನಾದೊಳಗೆ ಜಾಗ ಹೆಚ್ಚು, ಒಪ್ಪಿದೆ. ಆದರೆ ಹಳೆಯವುಗಳ ಮಡಚುವ ಕೀಲ್ (ದೋಣಿಯಡಿ ನೀರೊಳಗೆ ಚಾಚುವ ಭಾರದ ಹಲಗೆ) ಸುಮಾರು 250 ಕೆ.ಜಿ. ಎರಕದ ಕಬ್ಬಿಣ. ಅದು ತಿರುಗುವ ಪಿವಟ್ ಪಿನ್ನು, ಅದನ್ನೆತ್ತುವ ವಿಂಚ್ ಕೇಬಲ್ಲು ಸವೆಯುತ್ತವೆ. ಸರಿಯಾಗಿ ನೋಡಲು ದೋಣಿಯನ್ನೇ ಟ್ರೇಲರಿನಿಂದ ಎತ್ತಬೇಕು. ಪಾಟರಿನ ಕೀಲ್ ನೇರ ಮೇಲೇಳುವ ಉಕ್ಕಿನ ಹಲಗೆ. ತುಕ್ಕು ಹಕ್ಕಳೆಗಟ್ಟಿದರೆ ಗೂಡಲ್ಲಿ ಸಿಕ್ಕಿಕೊಳ್ಳುತ್ತೆ, ಹಾಗಾಗಿ ನೀರಿನಲ್ಲಿ ಪೂರ್ತಿ ಇಳಿಸಿ, ಎತ್ತಿ ತೋರಿಸಿ ಅಂತ ಮಾರುವವರಿಗೆ ಹೇಳಿ.

ಕಂಬ ಎತ್ತಲು ಜಿನ್ ಪೋಲ್ (ಎತ್ತುವ ಹಗ್ಗಕ್ಕೆ ಸನ್ನೆ ಕೊಡುವ ಗಳ) ಜೊತೆ ಎರಡೂ ಬದಿಗೆ ತಾತ್ಕಾಲಿಕ ತಂತಿ ಬೇಕೇ ಬೇಕು. ಅರ್ಧ ಎದ್ದ ಕಂಬಕ್ಕೆ ಬದಿಯ ಮೂಲ ತಂತಿಗಳು ಸಡಿಲವಾಗಿರುತ್ತವೆ, ಪಕ್ಕಕ್ಕೆ ವಾಲಿದರೆ ಬುಡವೇ ಕಿತ್ತುಬರುತ್ತೆ. ಅದಕ್ಕೂ ಮೊದಲು ತಲೆಯೆತ್ತಿ ಕರೆಂಟ್ ತಂತಿ ನೋಡಿ.

ರ‍್ಯಾಂಪ್ (ದೋಣಿ ನೀರಿಗಿಳಿಸುವ ಇಳಿಜಾರು) ತಲುಪಿದೊಡನೆ ಟ್ರೇಲರ್ ಮುಳುಗಿಸಬೇಡಿ. ಬಿಸಿ ಹಬ್ (ಚಕ್ರದ ನಡುಭಾಗ) ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ದಾಟಿ ನೀರು ಹೀರುತ್ತೆ. ಬೇರಿಂಗ್ ಹಾಳಾಗೋದು ಹೀಗೇ. ಕೈ ಇಟ್ಟು ತಣ್ಣಗಾಗಿದೆಯಾ ನೋಡಿ, ಅಷ್ಟರಲ್ಲಿ ಕಂಬ ನಿಲ್ಲಿಸಿ.