ಪರಿಮಳದ ಮೇಣದಬತ್ತಿ: ಉರಿಸುವಾಗಿನ ಜಾಗ್ರತೆ, ಉಳಿದ ಗಾಜಿನ ಮರುಬಳಕೆ

ಪ್ರಶ್ನೆ

ಗೃಹಪ್ರವೇಶದ ಉಡುಗೊರೆಯಾಗಿ ದಪ್ಪ ಗಾಜಿನ ಲೋಟಗಳಲ್ಲಿ ತುಂಬಿದ ಪರಿಮಳದ ಮೇಣದಬತ್ತಿಗಳು ಬಂದಿವೆ. ಒಂದನ್ನು ಹಾಲ್‌ನಲ್ಲಿ ಹಚ್ಚಿದೆವು. ಬತ್ತಿಯ ಸುತ್ತಲಿನ ಮೇಣ ಮಾತ್ರ ಕರಗಿ ನಡುವೆ ಬಾವಿಯಂತೆ ಗುಳಿ ಬಿದ್ದಿದೆ, ಗಾಜಿನ ಒಂದು ಬದಿ ಮಸಿ ಹಿಡಿದಿದೆ. ಮನೆಯಲ್ಲಿ ನಡೆದಾಡುವ ಮಗುವಿದೆ. ಇವನ್ನು ಅಪಾಯವಿಲ್ಲದೆ ಉರಿಸುವುದು ಹೇಗೆ, ಮುಗಿದ ಮೇಲೆ ಲೋಟಗಳನ್ನು ಅಡುಗೆಮನೆಯಲ್ಲಿ ಬಳಸಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಮೊದಲ ಉತ್ತರ

ನೀವು ಹೇಳಿರುವ ಎರಡು ತೊಂದರೆಗಳಿಗೂ ಕಾರಣ ಬೇರೆ ಬೇರೆ. ಗುಳಿ ಬೀಳುವುದು ಹೆಚ್ಚಾಗಿ ಮೊದಲ ಸಲ ಹಚ್ಚಿದಾಗ ಬೇಗನೆ ಆರಿಸಿಬಿಡುವುದರಿಂದ. ಮೇಲ್ಪದರದ ಮೇಣವೆಲ್ಲ ಕರಗಿ ಗಾಜಿನ ಅಂಚನ್ನು ಮುಟ್ಟುವವರೆಗೆ ಮೊದಲ ಬಾರಿ ಉರಿಯಲು ಬಿಡಬೇಕು. ಬಾಯಿ 7-8 ಸೆಂಟಿಮೀಟರ್ ಅಗಲವಿದ್ದರೆ ಇದಕ್ಕೆ ಸುಮಾರು 3 ಗಂಟೆ ಬೇಕಾಗುತ್ತದೆ. ಅಷ್ಟು ಬಿಡುವಿಲ್ಲದ ದಿನ ಹೊಸದನ್ನು ಹಚ್ಚದಿರುವುದೇ ಒಳ್ಳೆಯದು. ಈಗಾಗಲೇ ಬಿದ್ದಿರುವ ಗುಳಿ ಆಳವಾಗಿಲ್ಲದಿದ್ದರೆ, ಲೋಟದ ಬಾಯಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ, ನಡುವೆ ಜ್ವಾಲೆಗೆ ಗಾಳಿಯಾಡುವಷ್ಟು ಅಗಲದ ತೂತು ಬಿಟ್ಟು, ಎದುರಿಗೇ ಕುಳಿತು ಸ್ವಲ್ಪ ಹೊತ್ತು ಉರಿಸಿ. ಒಳಗೆ ನಿಂತ ಶಾಖಕ್ಕೆ ಅಂಚಿನ ಮೇಣವೂ ಕರಗಿ ಮೇಲ್ಮೈ ಸಮನಾಗುತ್ತದೆ. ಫಾಯಿಲ್ ತೆಗೆಯುವಾಗ ಅದು ಸುಡುತ್ತಿರುತ್ತದೆ ಎಂಬುದು ನೆನಪಿರಲಿ.

ಒಂದೇ ಬದಿ ಮಸಿ ಹಿಡಿದಿರುವುದು ನನಗೆ ಹೆಚ್ಚು ಚಿಂತೆಯ ವಿಷಯವಾಗಿ ಕಾಣುತ್ತದೆ, ಏಕೆಂದರೆ ನೀವು ಸೀಲಿಂಗ್ ಫ್ಯಾನ್ ಕೆಳಗೆ ಹಚ್ಚಿರುವ ಸಾಧ್ಯತೆಯೇ ಹೆಚ್ಚು. ಗಾಳಿಗೆ ಜ್ವಾಲೆ ಒಂದು ಕಡೆಗೆ ವಾಲಿದಾಗ ಮೇಣದ ಆವಿ ಪೂರ್ತಿ ಉರಿಯದೆ ಮಸಿಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಆ ಬದಿಯ ಗಾಜು ಮಾತ್ರ ವಿಪರೀತ ಕಾಯುತ್ತದೆ. ಗಾಜು ಶಾಖವನ್ನು ಬೇಗನೆ ಹರಡುವ ವಸ್ತುವಲ್ಲವಾದ್ದರಿಂದ, ಕಾದ ಭಾಗ ಹಿಗ್ಗಿ, ತಣ್ಣಗಿರುವ ಭಾಗ ಹಾಗೆಯೇ ಉಳಿದು, ನಡುವಿನ ಎಳೆತಕ್ಕೆ ಲೋಟ ಸೀಳಿಹೋಗಬಹುದು. ಫೆಬ್ರವರಿ ಕಳೆದ ಮೇಲೆ ನಮ್ಮ ಮನೆಗಳಲ್ಲಿ ಫ್ಯಾನ್ ಇಲ್ಲದೆ ಕೂರುವುದು ಕಷ್ಟ. ಆದರೂ ಫ್ಯಾನ್ ಇಲ್ಲವೇ ಮೇಣದಬತ್ತಿ, ಎರಡರಲ್ಲಿ ಒಂದು ಮಾತ್ರ ಎಂಬ ನಿಯಮವನ್ನು ಮನೆಯವರೆಲ್ಲ ಪಾಲಿಸಲೇಬೇಕು.

ಬತ್ತಿಯನ್ನು ಪ್ರತಿ ಸಲ ಹಚ್ಚುವ ಮುನ್ನ ಕತ್ತರಿಸಬೇಕು. ತಣ್ಣಗಾದ ಬತ್ತಿಯ ತುದಿಯನ್ನು ಹತ್ತಿರದಿಂದ ನೋಡಿದರೆ ಉಬ್ಬಿದ ಕರಿ ಗಂಟೊಂದು ಕಾಣುತ್ತದೆ. ಬೆರಳಿನಿಂದ ಮುಟ್ಟಿದರೆ ಪುಡಿಯಾಗುತ್ತದೆ. ಅದನ್ನು ಹಾಗೆಯೇ ಬಿಟ್ಟು ಹಚ್ಚಿದರೆ ಜ್ವಾಲೆ ದೊಡ್ಡದಾಗಿ ಹೊಗೆಯಾಡುತ್ತದೆ. ಸುಮಾರು 5 ಮಿಲಿಮೀಟರ್ ಉಳಿಸಿ ಕತ್ತರಿಸಿ, ಉದುರಿದ ಚೂರುಗಳನ್ನು ಹೊರಗೆ ತೆಗೆಯಿರಿ. ಮೇಣದಲ್ಲೇ ಬಿಟ್ಟರೆ ಅವೂ ಹೊತ್ತಿಕೊಳ್ಳಬಹುದು. ಒಮ್ಮೆಗೆ 4 ಗಂಟೆಗಿಂತ ಹೆಚ್ಚು ಉರಿಸಬೇಡಿ. ತಳದಲ್ಲಿ ಸುಮಾರು 12 ಮಿಲಿಮೀಟರ್ ಮೇಣ ಉಳಿದಾಗ ಆ ಕ್ಯಾಂಡಲ್ ಮುಗಿಯಿತೆಂದೇ ತಿಳಿಯಿರಿ. ಆ ಕೊನೆಯ ಪದರವನ್ನೂ ಉರಿಸಲು ಹೋದರೆ ತಳದ ಗಾಜು ಮತ್ತು ಅದರ ಕೆಳಗಿನ ಮೇಜು ಎರಡಕ್ಕೂ ಅಪಾಯ.

ಎರಡನೆಯ ಉತ್ತರ

ಮಗುವಿರುವ ಮನೆಯೆಂದು ಓದಿ ಬರೆಯುತ್ತಿದ್ದೇನೆ. ಮೇಲುಹಾಸು ಹಾಕಿದ ಮೇಜಿನ ಮೇಲೆ ಇಡಲೇಬೇಡಿ. ಮಕ್ಕಳು ಹಿಡಿದು ಎಳೆಯುವುದು ಮೊದಲು ಬಟ್ಟೆಯನ್ನೇ. ಸಮತಟ್ಟಾದ ಜಾಗದಲ್ಲಿ, ಒಂದು ಟೈಲ್ ಅಥವಾ ಕಲ್ಲಿನ ತುಂಡಿನ ಮೇಲೆ, ಮಗುವಿನ ಕೈಗೆಟುಕದ ಎತ್ತರದಲ್ಲಿ, ಪರದೆ ಮತ್ತು ಪುಸ್ತಕಗಳಿಂದ ದೂರ ಇಡಿ. ಜ್ವಾಲೆಯ ಮೇಲ್ಗಡೆ ಶೆಲ್ಫ್ ಇರಬಾರದು. ಆರಿಸಿದ ಮೇಲೂ ಕರಗಿದ ಮೇಣ ಬಹಳ ಹೊತ್ತು ಚರ್ಮ ಸುಡುವಷ್ಟು ಬಿಸಿಯಾಗಿರುತ್ತದೆ, ಆದ್ದರಿಂದ ಅದು ಗಟ್ಟಿಯಾಗುವವರೆಗೆ ಲೋಟವನ್ನು ಕದಲಿಸಬಾರದು. ಕರೆಂಟ್ ಹೋದಾಗ ಇದನ್ನೇ ಎತ್ತಿಕೊಂಡು ಕೋಣೆಯಿಂದ ಕೋಣೆಗೆ ಓಡಾಡುವವರನ್ನು ಕಂಡಿದ್ದೇನೆ. ಆ ಕೆಲಸಕ್ಕೆ ಟಾರ್ಚ್ ಇರಲಿ.

ಆರಿಸಲು ಊದಿದರೆ ಬಿಸಿ ಮೇಣ ಸಿಡಿಯುತ್ತದೆ, ಹೊಗೆಯೂ ಬರುತ್ತದೆ. ಸ್ಟೀಲ್ ಚಮಚದ ಹಿಡಿಯಿಂದ ಬತ್ತಿಯನ್ನು ಕರಗಿದ ಮೇಣದೊಳಗೆ ಬಾಗಿಸಿ, ಮತ್ತೆ ನೆಟ್ಟಗೆ ನಿಲ್ಲಿಸಿದರೆ ಹೊಗೆಯಿಲ್ಲದೆ ಆರುತ್ತದೆ. ಮೇಣದ ಮೇಲ್ಮೈಗೇ ಬೆಂಕಿ ಹೊತ್ತಿಕೊಂಡರೂ ನೀರು ಸುರಿಯಬಾರದು: ನೀರು ತಕ್ಷಣ ಆವಿಯಾಗಿ ಉರಿಯುವ ಮೇಣವನ್ನು ಸುತ್ತಲೂ ಎರಚುತ್ತದೆ. ಲೋಹದ ತಟ್ಟೆ ಮುಚ್ಚಿದರೆ ಸಾಕು. ಮನೆಯಲ್ಲಿ ಆಸ್ತಮಾ ಇರುವವರಿದ್ದರೆ ಅಥವಾ ಹಕ್ಕಿ ಸಾಕಿದ್ದರೆ ಪರಿಮಳದ ಮೇಣದಬತ್ತಿಯನ್ನೇ ಬಿಟ್ಟುಬಿಡಿ ಎಂದು ನಾನು ಹೇಳುತ್ತೇನೆ.

ಮೂರನೆಯ ಉತ್ತರ

ನಾನು ಮನೆಯಲ್ಲೇ ಸೋಯಾ ಮೇಣದಿಂದ ಇವನ್ನು ತಯಾರಿಸುವವಳು. ಲೋಟದಲ್ಲಿ ತುಂಬುವ ಸೋಯಾ ಮೇಣ ಮೆತ್ತಗಿನದು, ಸುಮಾರು 50 ಡಿಗ್ರಿಯ ಆಸುಪಾಸಿನಲ್ಲೇ ಕರಗುತ್ತದೆ. ಹಾಗಾಗಿ ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಕಿಟಕಿಯ ಬಳಿ ಅಥವಾ ನಿಲ್ಲಿಸಿದ ಕಾರಿನಲ್ಲಿ ಇಟ್ಟರೆ ಹಚ್ಚದೆಯೇ ಕರಗಿಹೋಗುತ್ತದೆ. ಸೆಖೆಗೆ ಮೇಲ್ಮೈಯಲ್ಲಿ ಎಣ್ಣೆಯ ಹನಿಗಳು ಕಾಣಿಸಿಕೊಂಡರೆ ಅದು ಒಳಗಿನ ಸುಗಂಧತೈಲ. ಕಾಗದದಿಂದ ಒತ್ತಿ ತೆಗೆದ ಮೇಲೆಯೇ ಹಚ್ಚಿ. ಮೇಣದ ಮೇಲೆ ಬೂಷ್ಟಿನಂತೆ ಕಾಣುವ ಬಿಳಿ ಪೊರೆ ಮಾತ್ರ ಸೋಯಾ ಮೇಣದ ಸಹಜ ಗುಣ, ಅದರಿಂದ ಕೆಡುಕಿಲ್ಲ. ಬತ್ತಿಯ ನಡುವೆ ಲೋಹದ ತಂತಿ ಕಂಡರೆ ಬಿಳಿ ಕಾಗದದ ಮೇಲೆ ಉಜ್ಜಿ ನೋಡಿ. ಬೂದು ಗೆರೆ ಮೂಡಿದರೆ ಸೀಸ ಇರಬಹುದು, ಹಚ್ಚಬೇಡಿ. ಅಮೆರಿಕದಲ್ಲಿ ಸೀಸದ ಬತ್ತಿಗಳನ್ನು 2003ರಲ್ಲೇ ನಿಷೇಧಿಸಿದ್ದಾರೆ.

ನಾಲ್ಕನೆಯ ಉತ್ತರ

ಲೋಟಗಳ ವಿಷಯಕ್ಕೆ ಬಂದರೆ, ಉಳಿದ ಮೇಣ ತೆಗೆಯಲು ನಾನು ಲೋಟವನ್ನು ಕೆಲವು ಗಂಟೆ ಫ್ರೀಜರ್‌ನಲ್ಲಿಡುತ್ತೇನೆ. ಮೇಣ ಕುಗ್ಗಿ ಗಾಜಿನಿಂದ ಬಿಡುತ್ತದೆ. ಮೊಂಡಾದ ಬೆಣ್ಣೆ ಚಾಕುವಿನಿಂದ ಅಂಚನ್ನು ಮೆಲ್ಲನೆ ಮೀಟಿದರೆ ಬಿಲ್ಲೆಯಾಗಿ ಎದ್ದು ಬರುತ್ತದೆ, ಬತ್ತಿಯ ತಳದ ತಗಡೂ ಅದರ ಜೊತೆಗೇ ಬರುತ್ತದೆ. ಹೊರತೆಗೆದ ತಕ್ಷಣ ಬಿಸಿನೀರು ಹಾಕಬಾರದು. ಕೋಣೆಯ ಶಾಖಕ್ಕೆ ಬಂದ ಮೇಲೆ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ತೊಳೆಯಿರಿ. ಅದಕ್ಕೂ ಮೊದಲು ಜಿಡ್ಡನ್ನು ಹಳೆಯ ಬಟ್ಟೆಯಿಂದ ಒರೆಸಿ ಕಸಕ್ಕೆ ಹಾಕಿ. ಸಿಂಕಿಗೆ ಹೋದ ಮೇಣ ಪೈಪಿನೊಳಗೆ ಮತ್ತೆ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಅಡುಗೆಮನೆಗೆ ಮಾತ್ರ ಬೇಡ. ಇವು ಆಹಾರಕ್ಕೆಂದು ತಯಾರಾದ ಪಾತ್ರೆಗಳಲ್ಲ. ಬಣ್ಣ, ಹೊಂಬಣ್ಣದ ಅಂಚು, ಅಂಟು ಯಾವುದರಲ್ಲಿ ಏನಿದೆಯೆಂಬುದು ನಮಗೆ ತಿಳಿಯದು, ಜೊತೆಗೆ ಹಲವು ಸಲ ಕಾದು ತಣ್ಣಗಾದ ಗಾಜಿಗೆ ಬಿಸಿ ಕಾಫಿ ಸುರಿಯುವುದು ಸರಿಯಲ್ಲ. ಪೆನ್ನು, ಹತ್ತಿ, ಗುಂಡಿ, ಪಿನ್ನುಗಳಿಗೆ ಚೆನ್ನಾಗಿ ಒಗ್ಗುತ್ತವೆ. ನೀರಿನಲ್ಲೇ ಬೇರು ಬಿಡುವ ಮನಿ ಪ್ಲಾಂಟ್ ಕಡ್ಡಿಗೂ ಆಗುತ್ತವೆ. ಸಿಮೆಂಟ್ ಅಥವಾ ಪ್ಲಾಸ್ಟರ್ ಲೋಟಗಳಾದರೆ ನೀರು ಹೀರುತ್ತವೆ, ಅವಕ್ಕೆ ಒಣ ವಸ್ತುಗಳೇ ಸರಿ.

ಮೂರನೆಯವರಿಂದ ಮತ್ತೆ

ಅದೇ ಲೋಟಕ್ಕೆ ಹೊಸ ಮೇಣ ತುಂಬುವ ಆಸೆ ಹಲವರಿಗಿರುತ್ತದೆ, ಅದಕ್ಕಾಗಿ ಒಂದು ಮಾತು. ಮೊದಲು ಲೋಟವನ್ನು ಬೆಳಕಿಗೆ ಹಿಡಿದು, ಅಂಚಿನ ಸುತ್ತ ಕಣ್ಣು ಹಾಯಿಸಿ. ಕೂದಲೆಳೆಯಷ್ಟು ಬಿರುಕು ಅಥವಾ ಅಂಚಿನಲ್ಲಿ ಚಕ್ಕೆ ಎದ್ದ ಗುರುತು ಕಂಡರೆ ಅದರಲ್ಲಿ ಮತ್ತೆಂದೂ ಬೆಂಕಿ ಹಚ್ಚಬೇಡಿ, ಕಾಗದದಲ್ಲಿ ಸುತ್ತಿ ಒಣ ಕಸಕ್ಕೆ ಕೊಡಿ. ಗಾಜು ಸರಿಯಿದ್ದರೂ ಒಳಗೆ ಹನಿ ನೀರಿಲ್ಲದಂತೆ ಪೂರ್ತಿ ಒಣಗಿರಬೇಕು. ಮೇಣವನ್ನು ನೇರವಾಗಿ ಒಲೆಯ ಮೇಲೆ ಕಾಯಿಸದೆ, ಕುದಿಯುವ ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ. ಬತ್ತಿಯ ದಪ್ಪ ಲೋಟದ ಅಗಲಕ್ಕೆ ಹೊಂದಬೇಕು: ಸಣ್ಣದಾದರೆ ಮತ್ತೆ ಗುಳಿ, ದಪ್ಪವಾದರೆ ಗಾಜು ಕೈಯಿಡಲಾಗದಷ್ಟು ಸುಡುತ್ತದೆ. ದೇವರ ದೀಪದ ಹತ್ತಿಬತ್ತಿ ಇದಕ್ಕೆ ಆಗುವುದಿಲ್ಲ, ಕರಗಿದ ಮೇಣದಲ್ಲಿ ಅದು ನೆಟ್ಟಗೆ ನಿಲ್ಲುವುದೇ ಇಲ್ಲ. ಮೇಣ ಲೇಪಿಸಿದ ಹೆಣೆದ ಬತ್ತಿಯನ್ನೇ ಕೊಳ್ಳಿ, ತುಂಬಿದ ಮೊದಲ ಲೋಟವನ್ನು ಯಾರಿಗೂ ಉಡುಗೊರೆ ಕೊಡದೆ ನಿಮ್ಮ ಕಣ್ಣೆದುರೇ, ತಳದಲ್ಲಿ ಸುಮಾರು 12 ಮಿಲಿಮೀಟರ್ ಮೇಣ ಉಳಿಯುವವರೆಗೆ ಉರಿಸಿ ಪರೀಕ್ಷಿಸಿ.