ಬಾಲದಲ್ಲಿ ಲಂಗರು ಇರುವ ಪ್ರೋಟೀನ್: ಪೊರೆಗೆ ಒಯ್ಯುವುದು ಎಸ್‌ಆರ್‌ಪಿಯೋ, ಟಿಆರ್‌ಸಿ40ಯೋ?

ಮಾಲತಿ_ಬಯೋಕೆಮ್
ಪ್ರೋಟೀನಿನ ಮುಂತುದಿಯ ವಿಳಾಸಚೀಟಿಯಾದ ಸಿಗ್ನಲ್ ಸೀಕ್ವೆನ್ಸ್, ಪ್ರೋಟೀನ್ ತಯಾರಿಸುವ ರೈಬೋಸೋಮಿನಿಂದ ಹೊರಗೆ ತಲೆ ಹಾಕಿದ ಕೂಡಲೇ ಎಸ್‌ಆರ್‌ಪಿ (ಸಿಗ್ನಲ್ ಗುರುತಿಸುವ ಕಣ) ಅದನ್ನು ಹಿಡಿದು, ಇಡೀ ರೈಬೋಸೋಮನ್ನೇ ಇಆರ್ (ಎಂಡೋಪ್ಲಾಸ್ಮಿಕ್ ರೆಟಿಕ್ಯುಲಂ) ಪೊರೆಯ ಸೆಕ್61 ದಾರಿಗೆ ತಂದು ನಿಲ್ಲಿಸುತ್ತದೆ. ಇದನ್ನು ಎಲ್ಲರೂ ಓದಿರುತ್ತೇವೆ. ಆದರೆ ವ್ಯಾಂಪ್2, ಸೆಕ್61-ಬೀಟಾ ಇಂಥ ಪ್ರೋಟೀನ್‌ಗಳಲ್ಲಿ ಪೊರೆಗೆ ಇಳಿಯುವ ಭಾಗ (ಲಂಗರು) ಇರುವುದೇ ಬಾಲದ ತುದಿಯಲ್ಲಿ. ಅಲ್ಲಿಯೂ ಎಸ್‌ಆರ್‌ಪಿಯೇ ಕೆಲಸ ಮಾಡುತ್ತದೆ ಎಂದು ಬರೆಯುವವರು ಈಗಲೂ ಇದ್ದಾರೆ. ಒಪ್ಪುತ್ತೀರಾ?

ಕಿರಣ್_ಧಾರವಾಡ
ಒಪ್ಪುವುದಿಲ್ಲ. ರೈಬೋಸೋಮಿನ ಸುರಂಗದೊಳಗೆ ಸುಮಾರು 30–40 ಅಮೈನೋ ಆಮ್ಲ ಹಿಡಿಸುತ್ತವೆ. ಪೊರೆ ದಾಟುವ ಭಾಗ ಸುಮಾರು 20, ಅದರ ಆಚೆ ಬಾಲ ಇನ್ನೊಂದಿಷ್ಟು. ಅಂದರೆ ಸ್ಟಾಪ್ ಕೋಡಾನ್ (ತಯಾರಿಕೆ ಮುಗಿಸುವ ಸಂಕೇತ) ಬಂದಾಗಲೂ ಲಂಗರು ಸುರಂಗದೊಳಗೇ ಇರುತ್ತದೆ. ಸರಪಳಿ ಬಿಡುಗಡೆಯಾದ ಮೇಲೇ ಅದು ಹೊರಗೆ ಕಾಣುವುದು, ಅಷ್ಟರಲ್ಲಿ ರೈಬೋಸೋಮಿನ ಕೆಲಸ ಮುಗಿದಿರುತ್ತದೆ. ಎಸ್‌ಆರ್‌ಪಿ ಕಾಯುತ್ತಾ ಕೂರಲು ಜಾಗವೇ ಇಲ್ಲ.

ಪೊರೆಯಾಚೆ
ಕಿರಣ್ ಅವರೇ, ರೈಬೋಸೋಮಿನ ಮೇಲೆ ಹಿಡಿಯಲು ಆಗದು ಎಂದರೆ ಆಮೇಲೂ ಹಿಡಿಯಲಾರದು ಎಂದಲ್ಲ. ಬಿಡುಗಡೆಯಾದ ವ್ಯಾಂಪ್-ಬಗೆಯ ಪ್ರೋಟೀನಿಗೆ ಎಸ್‌ಆರ್‌ಪಿ ಅಂಟಿಕೊಂಡು ಪೊರೆಗೆ ತಲುಪಿಸಬಲ್ಲದು ಎಂದು 2004ರಲ್ಲೇ ಪ್ರಯೋಗ ಬಂದಿದೆ. ಎಸ್‌ಆರ್‌ಪಿಯ ಭಾಗವಾದ ಎಸ್‌ಆರ್‌ಪಿ54ರ ಮೆಥಿಯೋನಿನ್ ತುಂಬಿದ ತೊಟ್ಟಿಗೆ ಹೈಡ್ರೋಫೋಬಿಕ್ (ನೀರಿಗೆ ಒಗ್ಗದ) ತುಂಡು ಸಿಕ್ಕರೆ ಸಾಕು, ಅದು ತಲೆಯೋ ಬಾಲವೋ ಎಂದು ಕೇಳುವುದಿಲ್ಲ.

ಸುಮಾ_ಎಂ
ಅಂಟುವುದು ಬೇರೆ, ಅದಿಲ್ಲದೆ ನಡೆಯುವುದಿಲ್ಲ ಎನ್ನುವುದು ಬೇರೆ. ಕ್ರಾಸ್‌ಲಿಂಕ್ ಮಾಡಿದಾಗ (ಅಕ್ಕಪಕ್ಕದ ಅಣುಗಳನ್ನು ಬೆಸೆದಾಗ) ಯಾರು ಹತ್ತಿರವಿದ್ದರು ಎಂಬುದಷ್ಟೇ ಕಾಣುತ್ತದೆ. 2007ರಲ್ಲಿ ಇಂಥ ಬಾಲಗಳನ್ನು ಇಆರ್‌ಗೆ ಒಯ್ಯುವ ಟಿಆರ್‌ಸಿ40 ಪ್ರೋಟೀನ್ ಗೊತ್ತಾಯಿತು, ಯೀಸ್ಟಿನಲ್ಲಿ ಇದರ ಜೋಡಿ ಗೆಟ್3. ಸಸ್ತನಿಗಳಲ್ಲಿ ಎಸ್‌ಜಿಟಿಎ ಮೊದಲು ಬಾಲವನ್ನು ಹಿಡಿದು, ಬ್ಯಾಗ್6 ಗುಂಪಿನ ನೆರವಿನಿಂದ ಟಿಆರ್‌ಸಿ40 ಕೈಗೆ ದಾಟಿಸುತ್ತದೆ. ಟಿಆರ್‌ಸಿ40 ಎಟಿಪಿ ಬಳಸಿಕೊಂಡು ಬಾಲವನ್ನು ತನ್ನ ಕಣಿವೆಯಲ್ಲಿ ಮುಚ್ಚಿಡುತ್ತದೆ. ಇಆರ್ ಪೊರೆಯ ಮೇಲಿನ ಡಬ್ಲ್ಯುಆರ್‌ಬಿ ಮತ್ತು ಕ್ಯಾಮಲ್ ಅದನ್ನು ಬಿಡಿಸಿ ಇಳಿಸುತ್ತವೆ.

ಪರೀಕ್ಷಿಸಬೇಕೇ? ಡಬ್ಲ್ಯುಆರ್‌ಬಿಯ ಕಾಯ್ಲ್ಡ್-ಕಾಯ್ಲ್ (ಸುರುಳಿಗಳು ಹೆಣೆದುಕೊಂಡ) ತುಂಡನ್ನು ಪ್ರತ್ಯೇಕ ಪ್ರೋಟೀನಾಗಿ ತಯಾರಿಸಿ ಲೈಸೇಟಿಗೆ (ಕೋಶ ಒಡೆದು ತೆಗೆದ, ಪ್ರೋಟೀನ್ ತಯಾರಿಸಬಲ್ಲ ರಸಕ್ಕೆ) ಹಾಕಿ. ಅದು ಟಿಆರ್‌ಸಿ40ಯನ್ನು ಪೊರೆ ಮುಟ್ಟದಂತೆ ತಡೆಯುತ್ತದೆ. ಪೊರೆಗೆ ಇಳಿಯುವುದು ನಿಂತರೆ ಆ ಪ್ರೋಟೀನ್ ಈ ದಾರಿಯನ್ನೇ ನೆಚ್ಚಿದೆ ಎಂದು ಹೇಳಬಹುದು. ಜೊತೆಗೆ ಹೋಲಿಕೆಗೆ ಇಟ್ಟ, ಎಸ್‌ಆರ್‌ಪಿ ದಾರಿಯ ಪ್ರಿಪ್ರೋಲ್ಯಾಕ್ಟಿನ್ ಪೊರೆ ದಾಟುವುದು ನಿಲ್ಲಬಾರದು. ಇವೆರಡೂ ಒಂದೇ ಜೆಲ್‌ನಲ್ಲಿ ಇರಲೇಬೇಕು.

ಕಿರಣ್_ಧಾರವಾಡ
ಸರಿ, ಆದರೆ ಎಲ್ಲ ಬಾಲಗಳಿಗೂ ಟಿಆರ್‌ಸಿ40 ಎನ್ನುವುದೂ ಅತಿಯಾಯಿತು. ಸ್ಕ್ವಾಲೀನ್ ಸಿಂಥೇಸ್‌ನ ಬಾಲ ಅಷ್ಟೊಂದು ಹೈಡ್ರೋಫೋಬಿಕ್ ಅಲ್ಲ. ಅದನ್ನು ಪೊರೆಗೆ ಇಳಿಸುವುದು ಇಆರ್ ಪೊರೆಯ ಪ್ರೋಟೀನ್ ಗುಂಪಾದ ಇಎಂಸಿ ಎಂದು 2018ರಲ್ಲಿ ತೋರಿಸಿದ್ದಾರೆ, ಅಲ್ಲಿಯವರೆಗೆ ಬಾಲವನ್ನು ಕಾಯುವುದು ಕ್ಯಾಲ್‌ಮಾಡ್ಯುಲಿನ್. ಸೈಟೋಕ್ರೋಮ್ ಬಿ5 ಅಂತೂ ಪ್ರೋಟೀನೇ ಇಲ್ಲದ ಲಿಪೋಸೋಮಿಗೂ (ಕೊಬ್ಬಿನ ಕೃತಕ ಗುಳ್ಳೆಗೂ) ಇಳಿಯಬಲ್ಲದು. ದಾರಿಯನ್ನು ಆರಿಸುವುದು ಬಾಲದ ಹೈಡ್ರೋಫೋಬಿಕ್ ಬಲ ಮತ್ತು ಪಕ್ಕದ ಧನಾವೇಶ. ಬಲ ಕಡಿಮೆಯಾಗಿ ಪಕ್ಕದಲ್ಲಿ ಧನಾವೇಶ ಹೆಚ್ಚಿದ್ದರೆ ಮೈಟೋಕಾಂಡ್ರಿಯಾದ ಹೊರಪೊರೆಯ ಕಡೆ ವಾಲುತ್ತದೆ. ಗೆಟ್3ರ ದಾರಿ (ಗೆಟ್ ದಾರಿ) ಕೆಟ್ಟ ಯೀಸ್ಟಿನಲ್ಲಿ ಇಆರ್‌ಗೆ ಹೋಗಬೇಕಾದ ಕೆಲವು ಪ್ರೋಟೀನ್‌ಗಳು ಮೈಟೋಕಾಂಡ್ರಿಯಾ ಸೇರುತ್ತವೆ, ಅವನ್ನು ಕಿತ್ತು ಹೊರಹಾಕುವುದು ಎಂಎಸ್‌ಪಿ1.

ಮಾಲತಿ_ಬಯೋಕೆಮ್
ಮೈಕ್ರೋಸೋಮ್ (ಇಆರ್ ಪೊರೆಯ ಪುಟ್ಟ ಗುಳ್ಳೆಗಳು) ಹಾಕಿ, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪ್ರೋಟೀನ್ ತಳದಲ್ಲಿ ಸಿಕ್ಕರೆ ಪೊರೆಗೆ ಇಳಿದಿದೆ ಎನ್ನಬಹುದಲ್ಲವೇ? ಎಷ್ಟೋ ವರದಿಗಳಲ್ಲಿ ಅಷ್ಟೇ ಇರುತ್ತದೆ.

ಸುಮಾ_ಎಂ
ಖಂಡಿತ ಸಾಲದು. ಇಂಥ ಪ್ರೋಟೀನ್‌ಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟುವುದರಲ್ಲಿ ಮುಂದು, ಆ ಗಡ್ಡೆಯೂ ತಳಕ್ಕೇ ಇಳಿಯುತ್ತದೆ. ಮೈಕ್ರೋಸೋಮ್ ಹಾಕದ ಟ್ಯೂಬನ್ನೂ ಅದೇ ವೇಗದಲ್ಲಿ ತಿರುಗಿಸಿ ನೋಡಿ. ಅಲ್ಲೂ ತಳದಲ್ಲಿ ಬ್ಯಾಂಡ್ ಇದ್ದರೆ ಅದು ಗಡ್ಡೆ ಎಂಬ ಉತ್ತರ ಸಿಕ್ಕಂತೆ. 0.1 ಮೋಲಾರ್ ಸೋಡಿಯಂ ಕಾರ್ಬೊನೇಟ್, ಪಿಎಚ್ 11.5, ಮಂಜುಗಡ್ಡೆಯ ಮೇಲೆ 30 ನಿಮಿಷ ಇಟ್ಟರೆ ಪೊರೆಗೆ ಮೇಲುಮೇಲೆ ಅಂಟಿದ್ದು ಕಳಚುತ್ತದೆ, ಗಡ್ಡೆ ಕರಗುವುದಿಲ್ಲ. ಹಾಗಾಗಿ ಕಾರ್ಬೊನೇಟ್ ಒಂದನ್ನೇ ನಂಬಬೇಡಿ.

ಗಟ್ಟಿ ಪುರಾವೆ ಬೇಕಾದರೆ ಬಾಲದ ತುದಿಗೆ ಆಪ್ಸಿನ್ ಟ್ಯಾಗ್ (ಆಪ್ಸಿನ್ ಪ್ರೋಟೀನಿನ ಪುಟ್ಟ ತುಂಡು) ಸೇರಿಸಿ. ಅದರಲ್ಲಿ ಸಕ್ಕರೆ ಸೇರುವ ತಾಣವಿದೆ, ಅದು ಇಆರ್ ಒಳಗೆ ಹೊಕ್ಕರೆ ಮಾತ್ರ ಸಕ್ಕರೆ ಕೂರುತ್ತದೆ. ಜೆಲ್‌ನಲ್ಲಿ ಬ್ಯಾಂಡ್ ಒಂದು ಸಕ್ಕರೆಗೆ ಸುಮಾರು 2.5–3 ಕಿಲೋಡಾಲ್ಟನ್ ಮೇಲೇರುತ್ತದೆ. ಆ ಸಕ್ಕರೆಯನ್ನು ಕತ್ತರಿಸುವ ಎಂಡೋ-ಎಚ್ ಕಿಣ್ವ ಹಾಕಿದಾಗ ಮರಳಿ ಕೆಳಗಿಳಿಯಬೇಕು. ತಾಣ ಪೊರೆಯಿಂದ 12–14 ಅಮೈನೋ ಆಮ್ಲಗಳಿಗಿಂತ ಹತ್ತಿರವಿದ್ದರೆ ಸಕ್ಕರೆ ಕೂರಿಸುವ ಕಿಣ್ವಕ್ಕೆ ನಿಲುಕುವುದಿಲ್ಲ. ಆಗ ಬಾಲ ಸರಿಯಾಗಿ ಹೊಕ್ಕಿದ್ದರೂ ಬ್ಯಾಂಡ್ ಮೇಲೇರುವುದಿಲ್ಲ.

ಪೊರೆಯಾಚೆ
ಸುಮಾ ಮೇಡಂ ಹೇಳಿದ್ದಕ್ಕೆ ಎರಡು ಸೇರಿಸುತ್ತೇನೆ. ಮೊದಲನೆಯದು ಟೆಂಪ್ಲೇಟ್, ಅಂದರೆ ಪ್ರೋಟೀನಿನ ಸೂಚನೆಯಿರುವ ಡಿಎನ್‌ಎ. ಪಿಸಿಆರ್ ಪ್ರೈಮರಿನಲ್ಲಿ ಸ್ಟಾಪ್ ಕೋಡಾನ್ ಬಿಟ್ಟುಹೋದರೆ ಸರಪಳಿ ಟಿಆರ್‌ಎನ್‌ಎಗೆ ಅಂಟಿಯೇ ಉಳಿದು, ಲಂಗರು ಸುರಂಗದಿಂದ ಹೊರಬರುವುದೇ ಇಲ್ಲ. ಪೊರೆಯದೇ ತಪ್ಪು ಎಂದುಕೊಂಡು ಮೈಕ್ರೋಸೋಮ್ ಬದಲಿಸುತ್ತಾ ಹೋದರೆ ಪ್ರಯೋಜನವಿಲ್ಲ.

ಎರಡನೆಯದು ಪ್ರೋಟೀನೇಸ್-ಕೆ, ಪೊರೆಯ ಹೊರಗಿರುವ ಪ್ರೋಟೀನನ್ನು ತಿನ್ನುವ ಕಿಣ್ವ; ಪೊರೆಯೊಳಗೆ ಹೊಕ್ಕ ತುಂಡು ಮಾತ್ರ ಉಳಿಯುತ್ತದೆ. 0.5 ಮಿಲಿಗ್ರಾಂ/ಮಿಲಿ, ಮಂಜುಗಡ್ಡೆಯ ಮೇಲೆ ಒಂದು ಗಂಟೆ. ನಿಲ್ಲಿಸಲು ಪಿಎಂಎಸ್‌ಎಫ್ ಹಾಕಿ, ನಂತರ ಮಿಶ್ರಣವನ್ನು ಆಗಲೇ ಕುದಿಯುತ್ತಿರುವ ಎಸ್‌ಡಿಎಸ್ ಮಾರ್ಜಕಕ್ಕೆ ಸುರಿಯಬೇಕು. ತಣ್ಣನೆಯ ಎಸ್‌ಡಿಎಸ್‌ನಲ್ಲಿ ಈ ಕಿಣ್ವ ಸುಮ್ಮನಿರುವುದಿಲ್ಲ, ಪೊರೆ ಕರಗಿದ ಕ್ಷಣದಲ್ಲೇ ಒಳಗಿದ್ದ ತುಂಡನ್ನೂ ತಿಂದುಬಿಡುತ್ತದೆ. ರಕ್ಷಣೆ ಸಿಗಲಿಲ್ಲ ಎಂಬ ತಪ್ಪು ತೀರ್ಮಾನಗಳಲ್ಲಿ ಬಹಳಷ್ಟು ಹುಟ್ಟುವುದು ಇಲ್ಲೇ.

ಕಿರಣ್_ಧಾರವಾಡ
ಹೊರಗಿನ ಭಾಗವೆಲ್ಲ ಹೋಗಿ ಉಳಿಯುವುದು ಬಾಲದ ಪುಟ್ಟ ತುಂಡು. ವಿಕಿರಣಶೀಲ ಎಸ್-35 ಮೆಥಿಯೋನಿನ್‌ನಲ್ಲಿ ಗುರುತು ಹಾಕುವುದಾದರೆ ಆ ತುಂಡಿನಲ್ಲಿ ಮೆಥಿಯೋನಿನ್ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ತುಂಡು ಉಳಿದಿದ್ದರೂ ಫಿಲ್ಮ್ ಖಾಲಿ. ಒಂದು ಟ್ಯೂಬಿಗೆ 1% ಟ್ರೈಟಾನ್ ಮಾರ್ಜಕ ಹಾಕಿ ಪೊರೆ ಒಡೆಯಿರಿ, ಅದರಲ್ಲಿ ತುಂಡು ಮಾಯವಾಗಲೇಬೇಕು.

ಮಾಲತಿ_ಬಯೋಕೆಮ್
ಲೈಸೇಟ್‌ನಲ್ಲಿ ಪ್ರೋಟೀನ್ ತಯಾರಾಗುತ್ತಿರುವಾಗಲೇ ಮೈಕ್ರೋಸೋಮ್ ಇದ್ದರೆ, ತಯಾರಿಕೆಯ ಜೊತೆಗೇ ಹೊಕ್ಕಿತೋ ಆಮೇಲೆ ಹೊಕ್ಕಿತೋ ತಿಳಿಯುವುದು ಹೇಗೆ?

ಸುಮಾ_ಎಂ
ಆ ಪ್ರಶ್ನೆಗೆ ಮೈಕ್ರೋಸೋಮ್ ಇಲ್ಲದೆ ಶುರುಮಾಡಬೇಕು. ರೆಟಿಕ್ಯುಲೊಸೈಟ್ (ಎಳೆಯ ಕೆಂಪು ರಕ್ತಕಣ) ಲೈಸೇಟ್‌ನಲ್ಲಿ 32 ಡಿಗ್ರಿಯಲ್ಲಿ ಪ್ರೋಟೀನ್ ತಯಾರಾಗಲಿ, ಪ್ಯೂರೋಮೈಸಿನ್ ಹಾಕಿ ನಿಲ್ಲಿಸಿ, ಆಮೇಲೆ ನಾಯಿಯ ಪ್ಯಾಂಕ್ರಿಯಾಸ್ ಮೈಕ್ರೋಸೋಮ್ ಸೇರಿಸಿ. ವ್ಯಾಂಪ್2ಗೆ ಆಗಲೂ ಸಕ್ಕರೆ ಕೂರುತ್ತದೆ, ಪ್ರಿಪ್ರೋಲ್ಯಾಕ್ಟಿನ್ ಸಿಗ್ನಲ್ ಭಾಗ ಕತ್ತರಿಸಲ್ಪಡದೆ ಹಾಗೇ ಉಳಿಯುತ್ತದೆ. ಸುಮಾರು 25 ಮೈಕ್ರೋಲೀಟರ್ ಮಿಶ್ರಣಕ್ಕೆ 1–2 ಮೈಕ್ರೋಲೀಟರ್ ಮೈಕ್ರೋಸೋಮಿನಿಂದ ಆರಂಭಿಸಿ. ನಿಲ್ಲಿಸಿದ ಮೇಲೆ ಹೆಚ್ಚು ಹೊತ್ತು ಕಾಯಬೇಡಿ, ಕಾದಷ್ಟೂ ಗಡ್ಡೆ ಕಟ್ಟಿ ಪೊರೆಗೆ ಇಳಿಯುವ ಪ್ರಮಾಣ ಕುಸಿಯುತ್ತದೆ.